ಹದಿನಾಲ್ಕು, ಹದಿನೇಳು, ಹತ್ತೊಂಬತ್ತು



ಹೋದ ತಿಂಗಳು ಮಯೂರ್ ವಿಹಾರ್‌ನಿಂದ ಹಿರಿಯರೊಬ್ಬರು ಫೋನ್ ಮಾಡಿ, "ಏನಮ್ಮಾ, ನಿಮ್ಮ ಕಾರ್ಯಕ್ರಮದಲ್ಲಿ ಕ್ರಿಕೆಟ್ ಸ್ಕೋರ್ ಬಿಟ್ಟರೆ ಬೇರೆ ಆಟವೇ ಇಲ್ಲವಾ? ನಾನು ಕೊಡಗಿನವನು" ಅಂತ ಗದರಿಸಿದರು. ಗದರಿಕೆ ನ್ಯಾಯವಾದದ್ದೇ. ಹಾಗಾಗಿ ಈ ವಾರ ಹಾಕಿ. ಅದೂ ದೊಡ್ಡವರ ಹಾಕಿಯಲ್ಲ, ಶಾಲಾ ಮಕ್ಕಳ ಹಾಕಿ.

ನಾನು ಕನ್ನಡ ಬಿ.ಎ. ಓದಿದವಳು. ಹಾಕಿ ಸ್ಟಿಕ್ ಕೈಯಲ್ಲಿ ಹಿಡಿದವಳಲ್ಲ. ನನಗೆ ಈ ಆಟದ ಬಗ್ಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ದ್ವಾರಕಾದ ನಮ್ಮ ಪಕ್ಕದ ಮನೆಯ ಹುಡುಗಿಯಿಂದ ಕಲಿತದ್ದು. ಅವಳ ತಂದೆ ಶಿವಮೊಗ್ಗ ಕಡೆಯವರು, ಕೇಂದ್ರ ಸರ್ಕಾರದ ನೌಕರಿ. ಹುಡುಗಿ ಹನ್ನೊಂದನೇ ಕ್ಲಾಸು, ಹದಿನೇಳರೊಳಗಿನ ಹುಡುಗಿಯರ ತಂಡದಲ್ಲಿ ಲೆಫ್ಟ್ ಹಾಫ್. ಅವಳ ಶಾಲೆಗೆ ಮೂರು ತಂಡಗಳಿವೆ: ಹದಿನಾಲ್ಕರೊಳಗಿನ ಹುಡುಗರದ್ದು, ಹದಿನೇಳರೊಳಗಿನ ಹುಡುಗಿಯರದ್ದು, ಹತ್ತೊಂಬತ್ತರೊಳಗಿನ ಹುಡುಗರದ್ದು. ಕಳೆದ ವರ್ಷ ಈ ಮೂರೂ ತಂಡಗಳ ಆಟವನ್ನು ಬಿಡುವಾದಾಗಲೆಲ್ಲ ಹೋಗಿ ನೋಡಿದೆ. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು ಅಂತ ಮೊದಲೇ ಹೇಳಿಬಿಡುತ್ತೇನೆ.

ಚಿಕ್ಕವರ ಮೊದಲ ಪಂದ್ಯ ಏಳು-ಸೊನ್ನೆ. ಗೋಲ್ ಕೀಪರ್ ಹುಡುಗನಿಗಿಂತ ಅವನ ಕಾಲಿನ ಪ್ಯಾಡೇ ದೊಡ್ಡದು. ಬಿದ್ದರೆ ಇನ್ನೊಬ್ಬರು ಎಬ್ಬಿಸಬೇಕು. ಚೆಂಡು ಎಲ್ಲಿದೆಯೋ ಅಲ್ಲಿಗೆ ಹತ್ತೂ ಜನ ಜೇನುಹುಳದ ಹಾಗೆ ಮುತ್ತಿಕೊಳ್ಳುತ್ತಾರೆ, ಉಳಿದ ಅಂಗಳವೆಲ್ಲ ಬಟ್ಟಬಯಲು. ಎರಡನೇ ಪಂದ್ಯ ನಾಲ್ಕು-ಸೊನ್ನೆ. ಮೂರನೆಯದು ಒಂದು-ಸೊನ್ನೆ. ಆ ಒಂದು ಗೋಲಿನಿಂದ ಸೋತ ದಿನ ಆ ಹುಡುಗರು ಕುಣಿದದ್ದನ್ನು ನೋಡಿ ಎದುರು ತಂಡದವರೇ ಸ್ಕೋರ್ ಬೋರ್ಡ್ ಕಡೆ ತಿರುಗಿ ನೋಡಿದರು.

ದೊಡ್ಡ ಹುಡುಗರ ಕತೆ ಬೇರೆ. ಕಾಗದದ ಮೇಲೆ ಹದಿನಾರು ಹೆಸರು, ಮೈದಾನಕ್ಕೆ ಬಂದವರು ಹತ್ತು. ಉಳಿದವರೆಲ್ಲ ಟ್ಯೂಷನ್, ಕೋಚಿಂಗ್ ಕ್ಲಾಸ್. ಹನ್ನೆರಡನೆಯ ಬೋರ್ಡ್ ಪರೀಕ್ಷೆ ಎದುರಿಗಿಟ್ಟುಕೊಂಡು ಮಗನನ್ನು ಹಾಕಿಗೆ ಕಳಿಸುವ ಧೈರ್ಯ ಎಷ್ಟು ಮನೆಗಳಿಗಿದೆ? ಹತ್ತು ಜನರಲ್ಲೇ ಆಡಿದರು, ಸೋತರು. ಅಷ್ಟೇ.

ನಮ್ಮ ಹುಡುಗಿಯ ತಂಡ ಮಾತ್ರ ಜೋನಲ್ ಸೆಮಿಫೈನಲ್‌ವರೆಗೆ ಹೋಯಿತು. ಪಂದ್ಯ ಒಂದು-ಒಂದರಲ್ಲಿ ನಿಂತಿತು, ಶೂಟೌಟ್. ನಿಮ್ಮಲ್ಲಿ ಹಳೆಯ ಕಾಲದ ಹಾಕಿ ನೋಡಿದವರಿಗೆ ಪೆನಾಲ್ಟಿ ಸ್ಟ್ರೋಕ್ ನೆನಪಿರಬಹುದು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್ ದಕ್ಷಿಣ ಕೊರಿಯಾ ವಿರುದ್ಧ ಅಂಥ ಹೊಡೆತಗಳನ್ನು ತಡೆದಾಗಲೇ ಭಾರತಕ್ಕೆ 32 ವರ್ಷಗಳ ನಂತರ ಚಿನ್ನ ಬಂದದ್ದು. ಈಗಿನ ಪದ್ಧತಿ ಹಾಗಲ್ಲ. ಇಪ್ಪತ್ಮೂರು ಮೀಟರ್ ಗೆರೆಯಿಂದ ಚೆಂಡು ತೆಗೆದುಕೊಂಡು ಬಂದು ಎಂಟು ಸೆಕೆಂಡಿನೊಳಗೆ ಗೋಲು ಹೊಡೆಯಬೇಕು. ಎಂಟು ಸೆಕೆಂಡು ಎಂದರೆ ನಾನು ಮೈಕ್ ಮುಂದೆ ಒಂದು ಹಾಡಿನ ಹೆಸರು, ಚಿತ್ರದ ಹೆಸರು ಹೇಳುವಷ್ಟು ಹೊತ್ತು. ನಮ್ಮ ಹುಡುಗಿಯದು ನಾಲ್ಕನೇ ಸರದಿ. ಕೀಪರನ್ನು ದಾಟಿದಳು, ಆದರೆ ಅಷ್ಟರಲ್ಲಿ ಸೀಟಿ ಊದಿತ್ತು. ಮನೆಗೆ ಬರುವಾಗ ಮೆಟ್ರೋದಲ್ಲಿ ಒಂದೇ ಮಾತು: "ಆಂಟಿ, ಒಂಬತ್ತು ಸೆಕೆಂಡ್ ಇದ್ದಿದ್ರೆ ಆಗ್ತಿತ್ತು."

ಈ ಹದಿನಾಲ್ಕು, ಹದಿನೇಳು, ಹತ್ತೊಂಬತ್ತರ ಲೆಕ್ಕ ಸ್ಕೂಲ್ ಗೇಮ್ಸ್ ಫೆಡರೇಷನ್ನಿನದು. ಕನಾಟ್ ಪ್ಲೇಸ್ ಪಕ್ಕದ ಶಿವಾಜಿ ಸ್ಟೇಡಿಯಂ ನಿಮಗೆಲ್ಲ ಗೊತ್ತು, ಬಸ್ ಟರ್ಮಿನಲ್ಲಿನಿಂದಾಗಿ. ಅದರ ಒಳಗೆ ಹಾಕಿ ಅಂಗಳವಿದೆ ಎಂದು ಗೊತ್ತಿರುವವರು ಕಡಿಮೆ. 1964ರಲ್ಲಿ ಶುರುವಾದ ನೆಹರೂ ಹಾಕಿ ಟೂರ್ನಿಯ ಹೆಸರಿಗೆ ಅಂಟಿಕೊಂಡ ಅಂಗಳ ಅದು. ಆ ಟೂರ್ನಿಯ ಶಾಲಾ ವಿಭಾಗದಲ್ಲಿ ಗೆರೆ ಎಳೆಯುವುದು ಹದಿನೈದಕ್ಕೆ ಮತ್ತು ಹದಿನೇಳಕ್ಕೆ. ಹದಿನಾಲ್ಕೂವರೆ ವರ್ಷದ ಮಗು ಒಂದು ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ, ಇನ್ನೊಂದರಲ್ಲಿ ಎಲ್ಲರಿಗಿಂತ ಕಿರಿಯ. ಜನವರಿಯಲ್ಲಿ ಹುಟ್ಟಿದ ಮಗುವಿಗೂ ಡಿಸೆಂಬರಿನಲ್ಲಿ ಹುಟ್ಟಿದ್ದಕ್ಕೂ ಒಂದೇ ಗುಂಪಿನಲ್ಲಿ ಹನ್ನೊಂದು ತಿಂಗಳ ಅಂತರ. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಎಂದರೆ ಒಂದು ಗೇಣು ಎತ್ತರ.

ಹಾಗಾಗಿಯೇ ವಯಸ್ಸು ತಿದ್ದುವವರೂ ಇದ್ದಾರೆ. ಅದನ್ನು ಹಿಡಿಯಲು 2010ರಲ್ಲಿ ಕೇಂದ್ರ ಸರ್ಕಾರ ಒಂದು ಸಂಹಿತೆ ತಂದಿತು; ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವ ಪದ್ಧತಿಯೂ ಇದೆ. ನಮ್ಮ ತಂದೆಯ ತಲೆಮಾರಿನವರನ್ನು ಹೀಗೆ ಪರೀಕ್ಷೆ ಮಾಡಿದ್ದರೆ ಏನಾಗುತ್ತಿತ್ತೋ! ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ ಒಂದನೇ ತಾರೀಖೇ ಎಷ್ಟೋ ಜನರ ಹುಟ್ಟುಹಬ್ಬ.

ವಯಸ್ಸಿನ ಗೆರೆಯೇ ಇಲ್ಲದ ಹಾಕಿಯೂ ಉಂಟು, ಅದು ನಮ್ಮಲ್ಲೇ ಉಂಟು. ಕೊಡವ ಕುಟುಂಬಗಳ ಹಾಕಿ ಹಬ್ಬ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದಾಗ 60 ಕುಟುಂಬಗಳು ಬಂದಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ 360. ಅಲ್ಲಿ ಮನೆತನದ ಹೆಸರೇ ತಂಡದ ಹೆಸರು. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಓಡಬಹುದು, ಸೊಸೆ ಗೋಲು ಹೊಡೆಯಬಹುದು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಬಂದ ನೆಲ ಅದು. 2012 ಮತ್ತು 2016ರ ಒಲಿಂಪಿಕ್ಸ್ ಆಡಿದ ಎಸ್.ವಿ. ಸುನಿಲ್ ಅದೇ ಜಿಲ್ಲೆಯ ಸೋಮವಾರಪೇಟೆಯವರು. ಮಯೂರ್ ವಿಹಾರ್‌ನ ಹಿರಿಯರೇ, ಕೇಳುತ್ತಿದ್ದೀರಾ?

ಈಗ ದೆಹಲಿಗೆ ವಾಪಸ್ ಬರೋಣ. ಸೆಮಿಫೈನಲ್ ಸೋತ ಮೇಲೂ ಹುಡುಗಿಯರಿಗೆ ಇನ್ನೊಂದು ಅಂತರಶಾಲಾ ಟೂರ್ನಿ ಬಾಕಿ ಇತ್ತು, ನವೆಂಬರಿನಲ್ಲಿ. ನವೆಂಬರಿನಲ್ಲಿ ಇಲ್ಲಿನ ಗಾಳಿ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳಗಿನ ಪ್ರಾಕ್ಟೀಸಿನಲ್ಲಿ ಒಂದು ಗೋಲು ಕಂಬದಿಂದ ಇನ್ನೊಂದು ಕಾಣುತ್ತಿರಲಿಲ್ಲ. ನಡುವೆ ಇರುವುದು ತೊಂಬತ್ತೊಂದು ಮೀಟರ್ ಅಷ್ಟೇ. ಮಕ್ಕಳು ಕೆಮ್ಮುತ್ತ ಓಡುತ್ತಿದ್ದರು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಈ ವಿಷಯ ಎತ್ತಿತು. ಶಾಲೆಗಳ ಕ್ರೀಡಾಕೂಟಗಳನ್ನು ಗಾಳಿ ಚೆನ್ನಾಗಿರುವ ತಿಂಗಳಿಗೆ ಮುಂದೂಡುವ ಬಗ್ಗೆ ನೋಡಿ ಎಂದಿತು. ಸರಿಯಾದ ಮಾತು. ನನ್ನ ಮಗುವಾಗಿದ್ದರೆ ನಾನೂ ಕಳಿಸುತ್ತಿರಲಿಲ್ಲ.

ಟೂರ್ನಿ ಮುಂದಕ್ಕೆ ಹೋಯಿತು. ಫೆಬ್ರವರಿಗಲ್ಲ, ಮುಂದಿನ ಶಾಲಾ ವರ್ಷಕ್ಕೆ. ನಮ್ಮ ಹುಡುಗಿ ಹುಟ್ಟಿದ್ದು ಜನವರಿ ಎರಡನೇ ವಾರ. ಡಿಸೆಂಬರ್ 31ಕ್ಕೆ ಲೆಕ್ಕ ಹಾಕಿದರೆ ಹದಿನೇಳಕ್ಕೆ ಕೆಲವೇ ದಿನ ಕಡಿಮೆ. ಆ ಕೆಲವು ದಿನಗಳ ಮೇಲೆಯೇ ಅವಳು ಇಡೀ ವರ್ಷ ಆಡಿದ್ದು. ಮುಂದಿನ ವರ್ಷದ ಲೆಕ್ಕಕ್ಕೆ ಅವಳು ಹೊರಗೆ. "ಹತ್ತೊಂಬತ್ತರೊಳಗಿನದಕ್ಕೆ ಹೋಗು, ಇನ್ನೂ ಎರಡು ವರ್ಷ ಇದೆಯಲ್ಲ" ಎಂದೆ. ಅವಳು ನನ್ನನ್ನೇ ನೋಡಿದಳು. "ಆಂಟಿ, ಆ ಟೀಮ್ ಹುಡುಗರದ್ದು. ಹುಡುಗಿಯರದ್ದು ಇಲ್ವೇ ಇಲ್ಲ." ಮೂರು ತಂಡ, ಮೂರು ತಂಡ ಎಂದು ವರ್ಷವಿಡೀ ಹೇಳಿಕೊಂಡು ತಿರುಗಿದವಳಿಗೆ ಇದು ಹೊಳೆದೇ ಇರಲಿಲ್ಲ.

ಕೋವಿಡ್ ವರ್ಷದಲ್ಲೂ ಹೀಗೇ ಆಗಿರಬೇಕು. 2020ರಲ್ಲಿ ಶಾಲೆಗಳೇ ಮುಚ್ಚಿದ್ದಾಗ ಹದಿನಾರು ನಡೆಯುತ್ತಿದ್ದ ಮಕ್ಕಳು ಆಡದೆಯೇ ಹದಿನೇಳು ದಾಟಿಹೋದರು.

ಶಾಲೆಯವರು ಕೆಟ್ಟವರಲ್ಲ. ದೈಹಿಕ ಶಿಕ್ಷಣದ ಸರ್ ಹೇಳಿದ್ದು ಇಷ್ಟೇ: ಹನ್ನೊಂದು ಹುಡುಗಿಯರು ಹೆಸರು ಕೊಟ್ಟರೆ ತಂಡ ಕಟ್ಟೋಣ, ಕೀಪರ್ ಕಿಟ್ ಶಾಲೆಯೇ ಕೊಡುತ್ತದೆ. ಹುಡುಗಿ ಚೀಟಿ ಹಿಡಿದು ಕ್ಲಾಸಿಂದ ಕ್ಲಾಸಿಗೆ ತಿರುಗುತ್ತಿದ್ದಾಳೆ. ಕಳೆದ ಭಾನುವಾರದವರೆಗೆ ಏಳು ಹೆಸರು. ಅವಳ ತಂದೆ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ, "ಮೇಡಂ, ಮುಂದಿನ ವರ್ಷ ಬೋರ್ಡ್ ಪರೀಕ್ಷೆ. ಹನ್ನೊಂದು ಆಗದೇ ಇದ್ದರೆ ಒಳ್ಳೇದು ಅಂತ ಒಂದು ಮನಸ್ಸು, ಆಗಲಿ ಅಂತ ಇನ್ನೊಂದು" ಎಂದರು. ಆಮೇಲೆ ತಾವೇ ನಕ್ಕು, "ನಿಮ್ಮ ರೇಡಿಯೋದಲ್ಲಿ ಒಂದು ಮಾತು ಹೇಳಿಬಿಡಿ" ಎಂದು ಸೇರಿಸಿದರು.

ಹೇಳುತ್ತಿದ್ದೇನೆ. ದ್ವಾರಕಾ, ಜನಕಪುರಿ, ಪಾಲಂ ಕಡೆಯ ಕನ್ನಡ ಮನೆಗಳಲ್ಲಿ ಹನ್ನೊಂದನೇ ಕ್ಲಾಸಿನ ಹುಡುಗಿಯರಿದ್ದು, ನಮ್ಮ ಹುಡುಗಿಯ ಶಾಲೆಗೇ ಹೋಗುವವರಾಗಿದ್ದರೆ, ನಾನು ಯಾರ ಬಗ್ಗೆ ಮಾತಾಡುತ್ತಿದ್ದೇನೆಂದು ಅವರಿಗೆ ಈಗಾಗಲೇ ಗೊತ್ತಾಗಿರುತ್ತದೆ. ಇನ್ನು ನಾಲ್ಕು ಜನ ಬೇಕು. ಅದರಲ್ಲಿ ಒಬ್ಬಳು ಗೋಲ್ ಕೀಪರ್ ಆಗಲು ಒಪ್ಪಬೇಕು.

ಸಮಯ ಮುಗಿಯಿತೆಂದು ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಮುಂದಿನ ವಾರ ಮತ್ತೆ ಸಿಗೋಣ, ನಮಸ್ಕಾರ.