ಮಕ್ಕಳನ್ನು ವಿದೇಶಕ್ಕೆ ಕಳುಹಿಸುವ ಮುನ್ನ

(ಸೀತೂರಿನಲ್ಲಿ ನಡೆದ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಗೆ ಬರುವಾಗ ದಾರಿಯುದ್ದಕ್ಕೂ ಅಡಿಕೆ ತೋಟಗಳನ್ನು ನೋಡುತ್ತಾ ಬಂದೆವು. ಎಲೆಚುಕ್ಕಿ ರೋಗ ತಗಲಿದ ತೋಟ ಹೇಗಿರುತ್ತದೆಂದು ನಿಮಗೆ ವಿವರಿಸಬೇಕಾಗಿಲ್ಲ. ಇಂತಹ ಕಾಲದಲ್ಲಿ ಒಬ್ಬ ತಂದೆ ಇರುವ ಒಂದೆಕರೆಯನ್ನು ಮಾರಿ ಮಗನನ್ನು ವಿದೇಶದಲ್ಲಿ ಓದಿಸಲು ಹೊರಡುತ್ತಾರೆಂದರೆ ಅದು ಶೋಕಿಯಲ್ಲ. ಆದ್ದರಿಂದ ನಾವಾಡುವ ಮಾತೂ ಹಗುರವಾಗಿರಬಾರದು.

ನಮ್ಮವರಿಗೆ ಪರದೇಶ ಹೊಸದಲ್ಲ. ಆದರೆ ನಮ್ಮ ಯುವಕರು ಕೊಲ್ಲಿಗೆ ಹೋದದ್ದು ದುಡಿಯಲಿಕ್ಕೆ; ಓದಲು ಹೋದವರು ವಿರಳ. ಅದೇ ಕೊಲ್ಲಿಯಲ್ಲಿ ನಮ್ಮ ಕರಾವಳಿಯವರೇ ಒಂದು ವಿಶ್ವವಿದ್ಯಾನಿಲಯವನ್ನು ಕಟ್ಟಿದರೆಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ಮಂಗಳೂರಿನ, ಮರದ ವ್ಯಾಪಾರದ ಮನೆತನದ ತುಂಬೆ ಮೊಹಿದೀನ್‌ರವರು 1998ರಲ್ಲಿ ಯುಎಇಯ ಅಜ್ಮಾನ್‌ನಲ್ಲಿ ಗಲ್ಫ್ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದರು. 2008ರಲ್ಲಿ ಅದು ಗಲ್ಫ್ ಮೆಡಿಕಲ್ ಯೂನಿವರ್ಸಿಟಿಯಾಯಿತು. ಏಳು ಎಮಿರೇಟ್‌ಗಳಲ್ಲಿ ಅಜ್ಮಾನ್ ಅತ್ಯಂತ ಚಿಕ್ಕದು, ವಿಶ್ವವಿದ್ಯಾನಿಲಯವೂ ದೊಡ್ಡದಲ್ಲ. ಆದರೂ 80ಕ್ಕೂ ಹೆಚ್ಚು ದೇಶಗಳ ಹುಡುಗರು, ಹುಡುಗಿಯರು ಅಲ್ಲಿ ವೈದ್ಯಕೀಯ, ದಂತವೈದ್ಯಕೀಯ, ಫಾರ್ಮಸಿ, ಫಿಸಿಯೋಥೆರಪಿ ಕಲಿಯುತ್ತಾರೆ.

ಚಿಕ್ಕದಾಗಿರುವುದರಲ್ಲಿ ಒಂದು ಲಾಭವಿದೆ. ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಮಂಗಳೂರಿನವರು ಮಂಗಳೂರಿನವರನ್ನೂ ಮಲಯಾಳಿಗಳು ಮಲಯಾಳಿಗಳನ್ನೂ ಹುಡುಕಿಕೊಂಡು ಒಂದೇ ಮೇಜಿಗೆ ಕೂರುತ್ತಾರೆ. ಚಿಕ್ಕ ಕಡೆ ಅದು ಸಾಧ್ಯವಾಗುವುದಿಲ್ಲ. ಪ್ರಯೋಗಾಲಯದಲ್ಲಿ ಪಕ್ಕದಲ್ಲಿ ನೈಜೀರಿಯಾದವನಿರುತ್ತಾನೆ, ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಹೇಳಿಕೊಡುವವರು ಫಿಲಿಪೈನ್ಸ್‌ನ ಕ್ರೈಸ್ತ ನರ್ಸ್ ಆಗಿರಬಹುದು. ಮಲೆನಾಡಿನ ನಮ್ಮ ಹುಡುಗ ಹನಫಿ, ಶಾಫಿ ಎಂಬ ಎರಡು ಕ್ರಮಗಳನ್ನಷ್ಟೇ ಕಂಡವನು. ಆ ಎರಡರ ನಡುವೆಯೇ ಎಷ್ಟು ವಾದ ನಡೆದಿದೆಯೆಂದು ಹಿರಿಯರಿಗೆ ಗೊತ್ತು! ಸುಡಾನಿನ ಸಹಪಾಠಿ ಕೈಗಳನ್ನು ಇಳಿಬಿಟ್ಟು ನಮಾಝಿಗೆ ನಿಂತದ್ದನ್ನು ಕಂಡಾಗ ಆ ವಾದ ಅವನಿಗೆ ಬೇರೆಯೇ ರೀತಿಯಲ್ಲಿ ಕಾಣಿಸುತ್ತದೆ.

ಆದರೆ ಇಲ್ಲೊಂದು ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳಬೇಕಾಗಿದೆ. ಎಂಬತ್ತು ದೇಶದವರೊಡನೆ ಬಾಳಲು ಲಕ್ಷಾಂತರ ರೂಪಾಯಿ ಕೊಟ್ಟು ಕಳುಹಿಸುವ ನಾವು, ಪಕ್ಕದ ಗೌಡರ ಮನೆಯ, ಭಟ್ಟರ ಮನೆಯ ಹುಡುಗನೊಡನೆ ಆಡಲು ಮಗನಿಗೆ ಅವಕಾಶ ಕೊಟ್ಟಿದ್ದೇವೆಯೇ? ತೋಟದ ಕೆಲಸದಲ್ಲಿ ನಮ್ಮ ಹಿರಿಯರು ಎಲ್ಲರೊಡನೆ ಬೆರೆತಿದ್ದರು. ಪೇಟೆಗೆ ಬಂದ ನಾವು ನಮ್ಮದೇ ಮೊಹಲ್ಲಾ, ನಮ್ಮದೇ ಶಾಲೆ ಎಂದು ಗೋಡೆ ಹಾಕಿಕೊಂಡೆವು. ಅತ್ತ ಕಡೆಯಿಂದಲೂ ಗೋಡೆ ಏಳುತ್ತಿದೆ, ನಿಜ. ಅದು ನಮ್ಮ ಗೋಡೆಗೆ ಸಮರ್ಥನೆಯಾಗುವುದಿಲ್ಲ.

ಇನ್ನು ಹಣದ ವಿಚಾರ. ನಮಗೆ ಪರಿಚಿತವಾದ ಒಂದು ಕುಟುಂಬವು ಏಜೆಂಟನೊಬ್ಬನ ಮಾತು ನಂಬಿ ಮಗನನ್ನು ಹೊರದೇಶದ ಒಂದು ಮೆಡಿಕಲ್ ಕಾಲೇಜಿಗೆ ಸೇರಿಸಿತು. ಎರಡು ವರ್ಷ ಕಳೆದ ಮೇಲೆ ಆ ಪದವಿಯಿಂದ ಇಲ್ಲಿ ವೈದ್ಯನಾಗಲು ಸಾಧ್ಯವಿಲ್ಲವೆಂದು ತಿಳಿಯಿತು. ತಾಯಿಯ ಬಳೆಗಳು ಅಷ್ಟರಲ್ಲಿ ಮಾರಾಟವಾಗಿದ್ದವು. ನಿಯಮ ಗುಟ್ಟಿನದೇನಲ್ಲ. ವಿದೇಶದಲ್ಲಿ ವೈದ್ಯಕೀಯ ಓದಿ ಇಲ್ಲಿ ವೃತ್ತಿ ಮಾಡಬೇಕಾದರೆ ನೀಟ್‌ನಲ್ಲಿ ಅರ್ಹತೆ ಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ವ್ಯಾಸಂಗ ಕನಿಷ್ಠ 54 ತಿಂಗಳದ್ದಾಗಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಓದಿದ ದೇಶದಲ್ಲೂ ವೃತ್ತಿ ಮಾಡುವ ಅರ್ಹತೆ ಆ ಪದವಿಗಿರಬೇಕು. ಹಿಂದಿರುಗಿದ ಮೇಲೆ ಪರೀಕ್ಷೆ ಬರೆಯಬೇಕು, ಇಲ್ಲಿಯೂ ಒಂದು ವರ್ಷ ಇಂಟರ್ನ್‌ಶಿಪ್ ಮಾಡಬೇಕು. ಅಜ್ಮಾನ್ ಇರಲಿ, ಜಾರ್ಜಿಯಾ ಇರಲಿ, ಇವನ್ನು ಒಂದೊಂದಾಗಿ ಕೇಳಿ, ಲಿಖಿತವಾಗಿ ಉತ್ತರ ಪಡೆಯಿರಿ.

ಬಡ್ಡಿಗೆ ಹೆದರಿ ಬ್ಯಾಂಕಿನ ಸಾಲ ಬೇಡವೆನ್ನುವವರು ನಮ್ಮಲ್ಲಿ ಅನೇಕರಿದ್ದಾರೆ. ಅವರು ನೇರವಾಗಿ ಭೂಮಿ ಮಾರುತ್ತಾರೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿಯ ಭಾರ ಇಳಿಸುತ್ತಿದ್ದ ಕೇಂದ್ರದ ‘ಪಢೋ ಪರ್‌ದೇಶ್’ ಯೋಜನೆಯನ್ನು 2022-23ರಿಂದ ನಿಲ್ಲಿಸಲಾಯಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್‌ಗೂ ಅದೇ ಗತಿಯಾಯಿತು. ಇದರ ಬಗ್ಗೆ ನಮ್ಮ ಜನಪ್ರತಿನಿಧಿಗಳು ಎಷ್ಟು ಮಾತನಾಡಿದರು? ನಾವಾದರೂ ಎಷ್ಟು ಕೇಳಿದೆವು? ಭೂಮಿ ಮಾರುವ ಮೊದಲು ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗದ ಸಾಲ ಈ ವರ್ಷ ಯಾವ ಷರತ್ತಿನ ಮೇಲೆ ದೊರೆಯುತ್ತದೆಂದು ಚಿಕ್ಕಮಗಳೂರಿಗೆ ಹೋಗಿ ವಿಚಾರಿಸಿ. ಬಸ್ಸಿನ ಖರ್ಚು ಮಾತ್ರ ತಾನೇ.

ಇಷ್ಟು ಹೊತ್ತು ನಾವೂ ‘ಮಗ’ ಎಂದೇ ಹೇಳುತ್ತಾ ಬಂದೆವು. ಹಿಂದಿನ ಸಾಲಿನಲ್ಲಿ ಕುಳಿತ ಹೆಣ್ಣುಮಕ್ಕಳು ಅದನ್ನು ಗಮನಿಸಿರಬೇಕು. ಪಿಯುಸಿಯಲ್ಲಿ ಅಣ್ಣನಿಗಿಂತ ಹೆಚ್ಚು ಅಂಕ ಪಡೆದ ತಂಗಿಗೆ ಎಷ್ಟು ಮನೆಗಳಲ್ಲಿ ಈ ಒಂದೆಕರೆಯ ಮಾತು ಬರುತ್ತದೆ? ಮದುವೆಗಾದರೆ ಅದೇ ಎಕರೆ ಒಂದೇ ವಾರದಲ್ಲಿ ಮಾರಾಟವಾಗುತ್ತದೆ.

ಪ್ರವೇಶಪತ್ರಗಳನ್ನೋ ಏಜೆಂಟರು ಕೊಟ್ಟ ಕಾಗದಗಳನ್ನೋ ತಂದಿರುವವರು ಸಭೆ ಮುಗಿದ ಮೇಲೆ ಉಳಿಯಿರಿ. ಚಹಾ ಕುಡಿಯುತ್ತಾ ಒಟ್ಟಿಗೆ ಕುಳಿತು ಒಂದೊಂದನ್ನೇ ಓದೋಣ. ಮಕ್ಕಳೂ ಜೊತೆಯಲ್ಲಿ ಕುಳಿತುಕೊಳ್ಳಲಿ, ಹೋಗಬೇಕಾದವರು ಅವರಲ್ಲವೇ.