ಗದ್ದೆಯೊಳಗೂ ಒಂದು ಸಹಕಾರ ಸಂಘ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ನಮ್ಮ ಸಂಘಕ್ಕಿಂತ ಬಹಳ ಹಳೆಯದಾದ ಇನ್ನೊಂದು ಸಂಘದ ಬಗ್ಗೆ ಎರಡು ಮಾತು ಹೇಳಬಯಸುತ್ತೇವೆ. ಅದಕ್ಕೆ ನೋಂದಣಿ ಇಲ್ಲ, ಕಾರ್ಯದರ್ಶಿ ಇಲ್ಲ. ಅದು ಇರೋದು ನಮ್ಮ ಭತ್ತದ ಗದ್ದೆಯಲ್ಲೇ.

ವಿಜಯನಗರದ ಅರಸರ ಕಾಲುವೆಗಳು ನಮ್ಮ ಸೀಮೆಗೆ ಮೊದಲಿಂದಲೂ ನೀರುಣಿಸಿದವು. 1953ರಿಂದ ಟಿ.ಬಿ. ಡ್ಯಾಂ ನೀರೂ ಹರಿಯತೊಡಗಿತು. ಕಾಲುವೆಗೆ ನೀರು ಬಿಟ್ಟು ಕೆಸರು ಹೊಡೆದಾಗ ಏನಾಗುತ್ತದೆ ನೋಡಿ. ಮೊದಲು ಹಳೇ ಕೂಳೆ, ಕಸ ಕೊಳೆಯುತ್ತದೆ. ಅದರ ಮೇಲೆ ಸೂಕ್ಷ್ಮಜೀವಿ, ಪಾಚಿ ಬೆಳೆಯುತ್ತವೆ. ಅದನ್ನು ತಿನ್ನಲು ಸೊಳ್ಳೆಯಂತೆ ಕಾಣುವ, ಆದರೆ ಕಚ್ಚದ ಸಣ್ಣ ನೊಣಗಳ ಮರಿಗಳು ಬರುತ್ತವೆ. ಆ ನೊಣ ತಿನ್ನಲು ಜೇಡ ಬರುತ್ತದೆ, ಏರೋಪ್ಲೇನ್ ಚಿಟ್ಟೆ ಬರುತ್ತದೆ. ಯಾರೂ ಕರೆದದ್ದಲ್ಲ. ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಎದುರಾದವು, ಬಾಯಿಗೆ ಹಿಡಿಸಿದವು, ನಂಟು ಬೆಳೆಯಿತು. ಒಂದೊಂದೇ ಎಳೆ ಸೇರಿ ಬಲೆಯಾಯಿತು.

ಈ ಬಲೆಗೆ ಗಟ್ಟಿತನ ಬರೋದು ಹಲವರ ಜೊತೆ ನಂಟಿಟ್ಟುಕೊಂಡ ಜೀವಿಗಳಿಂದ. 1994ರಲ್ಲಿ ಘೋಷಣೆಯಾದ ನಮ್ಮ ದರೋಜಿ ಕರಡಿಧಾಮದಲ್ಲೂ ಇದೇ ನ್ಯಾಯ. ಕಕ್ಕೆ, ಬಾರೆ ಹಣ್ಣಿನ ಕಾಲಕ್ಕೆ ಕರಡಿ ಹಣ್ಣು ತಿಂದು ಬೀಜ ದೂರ ಬಿತ್ತುತ್ತದೆ. ಹಣ್ಣು ಮುಗಿದರೆ ಗೆದ್ದಲು, ಇರುವೆ. ಗದ್ದೆಯ ಜೇಡವೂ ಹಾಗೇ. ಇವತ್ತು ಕಸದ ನೊಣ ತಿಂದು ಬದುಕುತ್ತದೆ, ನಾಳೆ ಪೈರಿನ ಹುಳು ಬಂದರೆ ಅದನ್ನು ಹಿಡಿಯುತ್ತದೆ. ಅಂದರೆ ಏನಪ್ಪಾ ಅಂದ್ರೆ, ಶತ್ರು ಬರೋಕೆ ಮುಂಚೆಯೇ ಕಾವಲು ಸಿದ್ಧವಿರುತ್ತದೆ. ಸುಗ್ಗಿಯಲ್ಲಿ ಕಟ್ಟಿದ ಷೇರು ಹಣ ಬರದಲ್ಲಿ ಸಾಲವಾಗಿ ಕೈಗೆ ಬಂದಂತೆ ಇದು. ಇಂಡೋನೇಷ್ಯಾದ ಜಾವಾ ದ್ವೀಪದ ಗದ್ದೆಗಳಲ್ಲಿ ವಿಜ್ಞಾನಿಗಳು ಇದನ್ನು ಎಣಿಸಿ ನೋಡಿ 1996ರಲ್ಲಿ ಪ್ರಕಟಿಸಿದರು.

ಈಗ ನಮ್ಮ ಕಷ್ಟದ ಮಾತಿಗೆ ಬರೋಣ. ಕಂದು ಜಿಗಿಹುಳು ಅಂದರೆ ಕಂಪ್ಲಿ, ಸಿರುಗುಪ್ಪ, ಗಂಗಾವತಿ ಕಡೆಯ ರೈತರಿಗೆ ಎದೆ ಝಲ್ಲೆನ್ನುತ್ತದೆ. ಬುಡದಲ್ಲಿ ಕೂತು ರಸ ಹೀರಿದರೆ ಪೈರು ಸುಟ್ಟಂತೆ ಒಣಗುತ್ತದೆ. ನಾಟಿಯಾದ ಕೆಲವೇ ದಿನಕ್ಕೆ, ಹುಳ ಇರಲಿ ಬಿಡಲಿ, ಎಣ್ಣೆ ಹೊಡೆಯುವ ರೂಢಿ ಹಲವು ಕಡೆ ಇದೆ. ಆ ಎಣ್ಣೆಗೆ ಮೊದಲು ಸಾಯೋದು ಕಾವಲಿನ ಜೇಡ, ಜಿಗಿಹುಳದ ಮೊಟ್ಟೆ ಹೀರುವ ಸಣ್ಣ ಹಸಿರು ತಿಗಣೆ. ಜಿಗಿಹುಳದ ಮೊಟ್ಟೆಯೋ ಎಲೆಯ ಕವಚದೊಳಗೆ ಬೆಚ್ಚಗಿರುತ್ತದೆ. ಮರಿಯಾಗಿ ಹೊರಬಂದಾಗ ತಡೆಯುವವರೇ ಇಲ್ಲ! ಮತ್ತೆ ಎಣ್ಣೆ, ಮತ್ತೆ ಸಾಲ. ಇದನ್ನು ಕಂಡೇ ಇಂಡೋನೇಷ್ಯಾ ಸರ್ಕಾರ 1986ರಲ್ಲಿ ಭತ್ತಕ್ಕೆ 57 ಬಗೆಯ ಕೀಟನಾಶಕ ಬಳಸುವುದನ್ನು ನಿಷೇಧಿಸಿತು.

ಎಣ್ಣೆ ಮುಟ್ಟಲೇಬೇಡಿ ಎಂದು ನಾವು ಹೇಳುತ್ತಿಲ್ಲ. ನಾಟಿಯಾದ ಮೊದಲ ನಲವತ್ತು ದಿನ ಸುಮ್ಮನೆ ಹೊಡೆಯುವುದು ಬೇಡ. ವಾರಕ್ಕೊಮ್ಮೆ ಬುಡ ಬಿಡಿಸಿ ನೋಡಿ. ಹುಳದ ಜೊತೆಗೆ ಜೇಡವನ್ನೂ ಎಣಿಸಿ. ಯೂರಿಯಾ ಮಿತಿಯಲ್ಲಿರಲಿ. ಆರೇಳು ಅಡಿಗೊಂದು ಓಣಿ ಬಿಟ್ಟು ನಾಟಿ ಮಾಡಿ, ಗಾಳಿ ಬೆಳಕು ಆಡಲಿ. ಹುಳ ಮಿತಿ ಮೀರಿದರೆ ಗಂಗಾವತಿ ಅಥವಾ ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರದವರನ್ನು ಕೇಳಿ, ಅವರು ಹೇಳಿದ ಔಷಧ ಮಾತ್ರ ಹೊಡೆಯಿರಿ.

ಇದನ್ನು ಒಬ್ಬರೇ ಮಾಡಿದರೆ ಸಾಲದು. ಜಿಗಿಹುಳಕ್ಕೂ ಜೇಡಕ್ಕೂ ಬದು ಅಡ್ಡಿಯಲ್ಲ. ಪಕ್ಕದ ಗದ್ದೆಯವನು ಕಾವಲು ಕೊಂದರೆ ಅದರ ನಷ್ಟ ನಮಗೂ ತಟ್ಟುತ್ತದೆ. ಒಂದು ಕಾಲುವೆಯ ತೂಬಿನ ಕೆಳಗಿನ ಸದಸ್ಯರೆಲ್ಲ ಮಾತಾಡಿಕೊಂಡು ಈ ಹಂಗಾಮಿಗೆ ಒಂದು ಬಾರಿ ಮಾಡಿ ನೋಡೋಣ. ಖರ್ಚು ಎಷ್ಟು ಉಳಿಯಿತೆಂದು ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಲೆಕ್ಕ ಇಡೋಣ. ಇಂಥ ಕೆಲಸಕ್ಕೆ ಸಂಘಕ್ಕಿಂತ ಒಳ್ಳೆಯ ಜಾಗ ಬೇರೆ ಯಾವುದಿದೆ?

ಇಷ್ಟು ಹೇಳಿ, ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲೆಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ.