ಲೈಸೆನ್ಸ್ ಕೈಗೆ ಬಂದ ಮೇಲೆ

ಆರ್‌ಟಿಓ ಮೈದಾನದಲ್ಲಿ ಎಂಟು ಹಾಕಿ, ರಿವರ್ಸ್ ತೆಗೆದು, ದಿಬ್ಬದ ಮೇಲೆ ನಿಲ್ಲಿಸಿ ಮತ್ತೆ ಹೊರಟು ತೋರಿಸಿದರೆ ಡಿಎಲ್ ಪಾಸು. ಕೆಲವೇ ದಿನಗಳಲ್ಲಿ ಕಾರ್ಡು ಅಂಚೆಯಲ್ಲಿ ಮನೆಗೆ ಬರುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಆಮೇಲೆಯೂ ಕಾರು ಕವರ್ ಹೊದ್ದು ನಿಂತೇ ಇರುತ್ತದೆ. ಮಾರ್ಕೆಟ್ಟಿಗೆ ಹೋಗಲು ಆಟೋ, ನೆಂಟರ ಮನೆಗೆ ಹೋಗಲು ಬಸ್ಸು. ಲೈಸೆನ್ಸ್ ಇದೆ, ಧೈರ್ಯ ಸಾಲದು.

ಈ ಅಂಜಿಕೆಗೆ ಕಾರಣ ಕಲಿಕೆಯ ಕ್ರಮದಲ್ಲೇ ಇದೆ. ಕಲಿಕಾ ಲೈಸೆನ್ಸ್ ಸಿಕ್ಕಿ 30 ದಿನ ಕಳೆದರೆ ಪರೀಕ್ಷೆಗೆ ಹೋಗಬಹುದು. ಅಷ್ಟರಲ್ಲಿ ಬಹುಪಾಲು ಜನ ಸ್ಟೇರಿಂಗ್ ಹಿಡಿಯುವುದು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮಾತ್ರ. ಆ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಬ್ರೇಕು, ಕ್ಲಚ್ ಇರುತ್ತವೆ. ಎದುರಿಗೆ ಹಸು ಅಡ್ಡ ಬಂದಾಗ ಕಾರು ಸರಿಯಾಗಿ ನಿಂತಿತು. ನಿಲ್ಲಿಸಿದ್ದು ಯಾರ ಕಾಲು ಎಂಬುದು ಕಲಿಯುವವರಿಗೇ ಗೊತ್ತಾಗುವುದಿಲ್ಲ. ಸ್ವಂತ ಕಾರಿನಲ್ಲಿ ಒಬ್ಬರೇ ಕುಳಿತಾಗ ಕಾಡುವುದು ಇದೇ ಸಂಶಯ.

ಹೊಸಬರು ಹೆಚ್ಚು ಹೆದರುವ ಜಾಗವೆಂದರೆ ಏರಿನಲ್ಲಿರುವ ಸಿಗ್ನಲ್. ಹಸಿರು ದೀಪ ಬಿತ್ತು, ಕಾರು ಒಮ್ಮೆ ಜಗ್ಗಿ ಆಫ್ ಆಯಿತು, ಹಿಂದಿನಿಂದ ಹಾರ್ನ್ ಶುರು. ಮತ್ತೆ ಸ್ಟಾರ್ಟ್ ಮಾಡುವ ಗಡಿಬಿಡಿಯಲ್ಲಿ ಬ್ರೇಕಿನಿಂದ ಕಾಲು ತೆಗೆದರೆ ಕಾರು ಹಿಂದಕ್ಕೆ ಜಾರುತ್ತದೆ. ಇದಕ್ಕೆ ಮದ್ದು ಹ್ಯಾಂಡ್ ಬ್ರೇಕು. ಅದನ್ನು ಎಳೆದು, ಫಸ್ಟ್ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಒತ್ತಿ, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾ ಬರಬೇಕು. ಒಂದು ಹಂತದಲ್ಲಿ ಎಂಜಿನ್ ಸದ್ದು ಭಾರವಾಗುತ್ತದೆ, ಬಾನೆಟ್ ಕೂದಲೆಳೆಯಷ್ಟು ಮೇಲೇಳುತ್ತದೆ. ಡ್ರೈವರುಗಳು ಹಾಫ್ ಕ್ಲಚ್ ಅನ್ನುವುದು ಇದಕ್ಕೇ. ಈಗ ಹ್ಯಾಂಡ್ ಬ್ರೇಕ್ ಇಳಿಸಿದರೆ ಕಾರು ಹಿಂದೆ ಜಾರದೆ ಮುಂದೆ ಹೊರಡುತ್ತದೆ. ಕ್ಲಚ್ ಹಿಡಿಯುವ ಆ ಬಿಂದು ಕಾರಿನಿಂದ ಕಾರಿಗೆ ಬೇರೆ. ಸ್ಕೂಲಿನ ಕಾರಿನಲ್ಲಿ ಪಳಗಿದ ಕಾಲು ಮನೆಯ ಕಾರಿನಲ್ಲಿ ತಪ್ಪುವುದು ಅದಕ್ಕೇ. ಭಾನುವಾರ ಬೆಳಿಗ್ಗೆ ಖಾಲಿ ಏರೊಂದನ್ನು ಹುಡುಕಿ ಇಷ್ಟನ್ನೇ ಮತ್ತೆ ಮತ್ತೆ ಮಾಡಿದರೆ ಕಾಲಿಗೆ ಅದು ರೂಢಿಯಾಗುತ್ತದೆ.

ಒಂದು ಸಲಕ್ಕೆ ಒಂದೇ ಕಷ್ಟ ಎಂಬ ಈ ಕ್ರಮವನ್ನು ಕಾನೂನಿನಲ್ಲೇ ತಂದ ದೇಶ ನ್ಯೂಜಿಲೆಂಡ್. ಅಲ್ಲಿ 1987ರಿಂದ ಲೈಸೆನ್ಸ್ ಹಂತ ಹಂತವಾಗಿ ಸಿಗುತ್ತದೆ. ಮೊದಲ ಹಂತದಲ್ಲಿ ಪಕ್ಕದಲ್ಲಿ ಅನುಭವಿ ಚಾಲಕರು ಇರಲೇಬೇಕು. ಎರಡನೆಯದರಲ್ಲಿ ಒಬ್ಬರೇ ಓಡಿಸಬಹುದು. ಆದರೆ ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಬ್ಬರೇ ಹೊರಡುವಂತಿಲ್ಲ, ಅನುಭವಿಗಳಿಲ್ಲದೆ ಗೆಳೆಯರನ್ನು ತುಂಬಿಕೊಂಡು ಹೋಗುವಂತೆಯೂ ಇಲ್ಲ. ಕತ್ತಲೆ ಮತ್ತು ಗೆಳೆಯರ ಗಲಾಟೆ, ಎರಡೂ ಹೊಸ ಚಾಲಕರ ಗಮನ ಕದಿಯುತ್ತವೆ ಎಂಬ ಅನುಭವ ಈ ನಿಯಮದ ಹಿಂದಿದೆ.

ನಮ್ಮಲ್ಲಿ ಅಂಥ ಹಂತಗಳಿಲ್ಲದ ಕಾರಣ ಅವನ್ನು ಚಾಲಕರೇ ಹಾಕಿಕೊಳ್ಳಬೇಕು. ಮೊದಲು ಬಡಾವಣೆಯ ರಸ್ತೆ, ಆಮೇಲೆ ಮುಖ್ಯರಸ್ತೆ, ಆಮೇಲೆ ಸಂಜೆಯ ಟ್ರಾಫಿಕ್ಕು, ಹೆದ್ದಾರಿ, ಕೊನೆಗೆ ಮಳೆ ಮತ್ತು ರಾತ್ರಿ.

ಎಡಗಡೆಯ ಜಡ್ಜ್‌ಮೆಂಟ್ ಸಿಗುವುದಿಲ್ಲ ಎಂಬುದು ಹೊಸಬರ ಇನ್ನೊಂದು ದೂರು. ಚಾಲಕರು ಕೂರುವುದು ಬಲಗಡೆ. ಕಾರಿನ ಎಡ ಅಂಚು ಅವರ ಕಣ್ಣಿಗೆ ಬೀಳುವುದಿಲ್ಲ. ಖಾಲಿ ಮೈದಾನದಲ್ಲಿ ಸುಣ್ಣದ ಗೆರೆಯೊಂದನ್ನು ಎಳೆದು, ಎಡ ಚಕ್ರ ಅದರ ಮೇಲೆಯೇ ಹೋಗುವಂತೆ ಓಡಿಸಿ, ನಿಲ್ಲಿಸಿ, ಇಳಿದು ನೋಡಬೇಕು. ಅಂದಾಜು ಎಷ್ಟು ತಪ್ಪಿದೆ ಎಂಬುದು ಅಲ್ಲೇ ತಿಳಿಯುತ್ತದೆ. ಮಿರರ್‌ಗಳನ್ನು ಹೊರಡುವ ಮೊದಲೇ ಹೊಂದಿಸಿಕೊಳ್ಳಬೇಕು. ಎಷ್ಟು ಹೊಂದಿಸಿದರೂ ಅವುಗಳಿಗೆ ಕಾಣದ ಜಾಗವೊಂದು ಉಳಿಯುತ್ತದೆ, ನಮ್ಮ ಊರುಗಳಲ್ಲಿ ಸ್ಕೂಟರ್‌ಗಳು ನುಗ್ಗುವುದು ಅಲ್ಲಿಂದಲೇ. ಎಡಕ್ಕೆ ತಿರುಗುವ ಮುನ್ನ ಇಂಡಿಕೇಟರ್ ಹಾಕಿ ಕತ್ತು ಹೊರಳಿಸಿ ನೋಡುವುದು ಇದೇ ಕಾರಣಕ್ಕೆ.

ಕೈ ಪಳಗಿತು ಅನ್ನಿಸಿದಾಗ ಬೇರೊಂದು ಅಪಾಯ ಎದುರಾಗುತ್ತದೆ, ಅದು ವೇಗ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಕಳೆದಿರಬಹುದು. ವೇಗ ಎರಡು ಪಟ್ಟಾದರೆ, ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾದ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ಮುಂದಿನ ವಾಹನದಿಂದ ಅಂತರ ಕಾಯ್ದುಕೊಂಡವರಿಗೆ ಯೋಚಿಸಲು ಸಮಯ ಸಿಗುತ್ತದೆ, ಗಾಬರಿಯೂ ಕಡಿಮೆಯಾಗುತ್ತದೆ.

ಹಿಂದಿನವರ ಹಾರ್ನಿಗೆ ಏನು ಮಾಡುವುದು? ಜಪಾನಿನಲ್ಲಿ 1972ರಿಂದ ಹೊಸ ಚಾಲಕರು ಒಂದು ವರ್ಷ ಕಾರಿಗೆ ಹಳದಿ-ಹಸಿರು ಬಣ್ಣದ ಗುರುತು ಅಂಟಿಸಬೇಕು. ಆ ಗುರುತಿರುವ ಕಾರಿನ ಮುಂದಕ್ಕೆ ಅಪಾಯಕರವಾಗಿ ನುಗ್ಗುವುದು ಅಲ್ಲಿ ತಪ್ಪು. ನಮ್ಮಲ್ಲಿ ಡಿಎಲ್ ಬಂದ ಕೂಡಲೇ ಕೆಂಪು ಎಲ್ ಅಕ್ಷರದ ಅಗತ್ಯ ಮುಗಿಯುತ್ತದೆ; ಕಾರು ಓಡಿಸುತ್ತಿರುವವರು ಹೊಸಬರು ಎಂದು ಹಿಂದಿನವರಿಗೆ ತಿಳಿಯುವ ದಾರಿಯೇ ಇಲ್ಲ. ಹಾರ್ನಿಗೆ ಬೆದರಿ ಕ್ಲಚ್ ಬಿಡುವ ಬದಲು ಎರಡು ಸೆಕೆಂಡು ತಡವಾಗಿಯೇ ಹೊರಡುವುದು ಲೇಸು.

ಕರ್ನಾಟಕದ ಹೊಸ ಚಾಲಕರಿಗೆ ಕೊನೆಯ ಪರೀಕ್ಷೆ ಘಾಟಿ ರಸ್ತೆ. ಆಗುಂಬೆಯಲ್ಲೇ 14 ಕಡಿದಾದ ತಿರುವುಗಳಿವೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬುದು ಡ್ರೈವರುಗಳ ಹಳೆಯ ಮಾತು. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿಯೇ ಇದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಸಣ್ಣ ಗೇರಿನಲ್ಲಿ ಎಂಜಿನ್ನೇ ಕಾರನ್ನು ತಡೆಯುತ್ತದೆ. ಇಬ್ಬರಿಗೆ ಜಾಗ ಸಾಲದ ಕಡೆ ಇಳಿಯುವವರು ನಿಂತು ಏರುವವರಿಗೆ ದಾರಿ ಬಿಡಬೇಕೆಂಬುದು ನಿಯಮ. ಮೊದಲ ಸಲ ಘಾಟಿ ಇಳಿಯುವವರು ಮಳೆಗಾಲ ಕಳೆದ ಮೇಲೆ, ಹಗಲು ಹೊತ್ತಿನಲ್ಲಿ, ಆ ದಾರಿ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಡುವುದು ಒಳ್ಳೆಯದು.